ತಿಂಥಣಿಯ ಶ್ರೀ ಮೌನೇಶ್ವರರು

ಕೃಷ್ಣಾ ಮತ್ತು ಭೀಮಾ ಎಂಬ ಎರಡು ಮಹಾನದಿಗಳ ನಡುವೆ ಹರಡಿಕೊಂಡಿರುವ ಕಪ್ಪು ಎರೆಯ ನೆಲಕ್ಕೆ ಸಗರನಾಡೆಂಬ ಹೆಸರು ಪುರಾತನ ಕಾಲದಿಂದಲೂ ಸಲ್ಲುತ್ತ ಬಂದಿರುವದು. ಶಹಾಪುರ, ಸುರಪುರಗಳು ಈ ನಾಡಿನ ಒಡಲೊಳಗಿನ ಪಟ್ಟಣಗಳು. ಭೀಮೆಯ ದಡದ ಯಾದಗಿರಿಯು 2010ರಲ್ಲಿ ಕಲಬುರ್ಗಿಯಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದ ಮೇಲೆ ಇವೆರಡೂ ಅದರ ಆಡಳಿತಕ್ಕೆ ಒಳಪಟ್ಟಿರುವವು. ಜೋಳ ತೊಗರಿಗಳ ಹೊಲ, ಬಂಡೆಗಲ್ಲಿನ ಗುಡ್ಡ, ಬೇಸಗೆಯ ಉರಿಬಿಸಿಲು, ಇಷ್ಟನ್ನೇ ಕಂಡುಹೋಗುವ ಪರಸ್ಥಳದವರಿಗೆ ಇದೊಂದು ಬಡನಾಡೆಂದು ತೋರಿದರೆ ಅಚ್ಚರಿಯಲ್ಲ. ಆದರೆ ಶಿವಾನುಭವದ ಬೆಳೆ ಇಲ್ಲಿ ಯಾವ ಬರಗಾಲದಲ್ಲಿಯೂ ಒಣಗಿದುದಿಲ್ಲ. ಬಸವಾದಿ ಪ್ರಮಥರಿಗಿಂತ ಮುಂಚೆಯೇ ನೇಯ್ಗೆಯ ಕಾಯಕವನ್ನು ಮಾಡುತ್ತ ರಾಮನಾಥನನ್ನು ಒಲಿಸಿಕೊಂಡ ದೇವರ ದಾಸಿಮಯ್ಯಗಳ ಮುದನೂರು ಸುರಪುರ ಸೀಮೆಯಲ್ಲಿಯೇ ಇರುವದು. ಕಾಲಜ್ಞಾನದ ವಚನಗಳಿಂದ ಪ್ರಸಿದ್ಧರಾದ ಕೊಡೇಕಲ್ಲ ಬಸವಣ್ಣನವರು ನೆಲಸಿದ್ದೂ ಇದೇ ಸೀಮೆಯಲ್ಲಿ. ಶಹಾಪುರದಲ್ಲಿ ಶ್ರೀ ಚರಬಸವೇಶ್ವರರ ಗದ್ದುಗೆ ಭಕ್ತರ ಹರಕೆಗಳನ್ನು ಸ್ವೀಕರಿಸುತ್ತಿರುವದು. ಅದೇ ಶಹಾಪುರ ತಾಲೂಕಿನ ಗೋಗಿಯಲ್ಲಿ ಚಂದಾ ಹುಸೇನಿ ಎಂಬ ಸೂಫೀ ಸಂತರ ದರ್ಗಾ ಇರುವದು. ವಿಜಾಪುರದ ಆದಿಲಶಾಹಿ ಮನೆತನದ ಮೂಲಪುರುಷನಾದ ಯೂಸುಫನು ಮೊದಲುಗೊಂಡು 1558ರಲ್ಲಿ ತೀರಿಕೊಂಡ ಒಂದನೆಯ ಇಬ್ರಾಹಿಮನ ವರೆಗಿನ ನಾಲ್ವರು ಸುಲ್ತಾನರು ಆ ಸಂತರ ಸಾನ್ನಿಧ್ಯದಲ್ಲಿಯೇ ಮಣ್ಣುಗೂಡಿರುವರು. ರಾಜಧಾನಿಯಲ್ಲಿ ಎಷ್ಟೋ ಎಕರೆ ನೆಲವಿದ್ದರೂ ಅವರು ಫಕೀರನ ಪಾದದ ಬಳಿ ಮೂರು ಮೊಳ ಜಾಗವನ್ನು ಬಯಸಿ ಸಗರನಾಡಿಗೆ ಬಂದರೆಂಬುದು ಮನಸ್ಸಿನಲ್ಲಿಡಬೇಕಾದ ಸಂಗತಿ.

ಇಂತಹ ನೆಲದಲ್ಲಿ, ಕೃಷ್ಣೆಯ ದಡದ ಮೇಲಿನ ತಿಂಥಣಿಯಲ್ಲಿ, ಎರಡು ಹೆಸರಿನಿಂದ ಪೂಜೆಗೊಳ್ಳುವ ಒಬ್ಬ ಮಹಾತ್ಮರ ಸನ್ನಿಧಾನವಿರುವದು. ಲಿಂಗಧಾರಿಗಳೂ ವಿಶ್ವಕರ್ಮರೂ ಇತರ ಶಿವಭಕ್ತರೂ ಅವರನ್ನು ಮೌನೇಶ್ವರರೆಂದು, ಮೋನಪ್ಪಯ್ಯನವರೆಂದು ಕರೆಯುವರು. ಮುಸಲ್ಮಾನರು ಅವರನ್ನೇ ಮೋನುದ್ದೀನರೆಂದು ಕರೆದು ಪೀರರ ಸಾಲಿನಲ್ಲಿ ಎಣಿಸುವರು. ಶಿಷ್ಯರ ಬಾಯಿಂದ ಮಠಗಳಲ್ಲಿ ಆಗಾಗ ಕೇಳಿಬರುವ ಒಂದು ಪ್ರಶ್ನೆಗೆ ಈ ಮಹಾತ್ಮರ ಚರಿತ್ರೆಯಷ್ಟು ನೇರವಾಗಿ ಸಂಬಂಧಿಸಿದ ಚರಿತ್ರೆಯು ಈ ಪ್ರಾಂತದಲ್ಲಿ ಇನ್ನೊಂದಿಲ್ಲ. ಶರಣರು ಹೇಳುವ ಬಯಲು, ಯೋಗಿಗಳು ಹೇಳುವ ಸಮಾಧಿ, ಫಕೀರರು ಹೇಳುವ ಫನಾ, ಇವು ಮೂರು ಬೇರೆ ಬೇರೆ ಊರುಗಳೋ ಅಥವಾ ಒಂದೇ ಊರಿಗೆ ಮೂರು ಭಾಷೆಯ ಹೆಸರುಗಳೋ ಎಂಬುದೇ ಆ ಪ್ರಶ್ನೆ. ಎಲ್ಲ ಹೊಳೆಗಳೂ ಕಡಲನ್ನೇ ಸೇರುವವೆಂದು ಹೇಳಿ ಕೈತೊಳೆದುಕೊಳ್ಳುವವರು ಹಲವರು. ಭೀಮೆಯೂ ಕೃಷ್ಣೆಯೂ ರಾಯಚೂರಿನ ಉತ್ತರದಲ್ಲಿ ಒಂದಾಗುವದು ನಿಜ. ಆದರೆ ಯಾದಗಿರಿಯಲ್ಲಿ ಕುಳಿತು ಕೃಷ್ಣೆಯ ನೀರನ್ನು ಮೊಗೆಯುವದು ಯಾರಿಂದಲೂ ಆಗದು. ಹೋಲಿಕೆಯು ಸುಲಭ, ನಡಿಗೆಯು ಕಠಿಣ.

ಮೌನೇಶ್ವರರು ಆದಿಲಶಾಹಿ ಆಳ್ವಿಕೆಯ ಕಾಲದವರು. ಸುರಪುರದ ಬಳಿಯ ದೇವರಗೋನಾಲ ಗ್ರಾಮದಲ್ಲಿ, ಶೇಷಪ್ಪ ಮತ್ತು ಶೇಷಮ್ಮ ಎಂಬ ವಿಶ್ವಕರ್ಮ ದಂಪತಿಗಳ ಉದರದಲ್ಲಿ ಅವರು ಅವತರಿಸಿದರೆಂದು ಪರಂಪರೆಯು ಹೇಳುವದು. ಕಬ್ಬಿಣ, ಮರ, ಕಂಚು, ಕಲ್ಲು, ಬಂಗಾರ ಈ ಐದರ ಕೆಲಸವನ್ನು ಕುಲವೃತ್ತಿಯಾಗಿ ಉಳ್ಳವರಾದುದರಿಂದ ಆ ಸಮಾಜದವರಿಗೆ ಪಾಂಚಾಳರೆಂದು ಹೆಸರು. ಊರಿನ ನೇಗಿಲು, ಕುಡಗೋಲು, ಬಂಡಿಯ ಗಾಲಿ, ಮದುವೆಯ ತಾಳಿ, ಗುಡಿಯ ಮೂರ್ತಿ, ಇವೆಲ್ಲವೂ ಅವರ ಕೈಯಿಂದಲೇ ಆಗಬೇಕು. ಆದರೂ ಅವರ ಆಚಾರಗಳ ಮೇಲ್ಮೆಯ ಕುರಿತು ಇತರ ವರ್ಣದವರೊಡನೆ ತಂಟೆಗಳು ಈ ದೇಶದಲ್ಲಿ ಹಿಂದೆ ನಡೆದೇ ಇದ್ದವು. ಜನಿವಾರದ ಅಭಿಮಾನ ಒಂದು ಕಡೆಗೆ, ಲಿಂಗದ ಅಭಿಮಾನ ಇನ್ನೊಂದು ಕಡೆಗೆ. ಕೆಲಸದ ಮನೆಯ ಕುಲುಮೆಯೆದುರಿಗೆ ಬೆಳೆಯುವ ಹುಡುಗನು ಇಂತಹ ಹೆಮ್ಮೆಯ ಮಾತುಗಳನ್ನು ಚಿಕ್ಕಂದಿನಿಂದಲೇ ಕೇಳಿರುವದು ಸಹಜ.

ಇಂತಹ ಕುಲದಲ್ಲಿ ಹುಟ್ಟಿದ ಮೌನೇಶ್ವರರು ಎಂತಹ ದಾರಿಯನ್ನು ಹಿಡಿದರೆಂಬುದು ಅವರ ವಚನಗಳಿಂದಲೇ ತಿಳಿಯುವದು. ಆ ವಚನಗಳ ಅಂಕಿತವು ಬಸವಣ್ಣ. ಕುಲದೇವತೆಯ ಹೆಸರನ್ನಾಗಲಿ ತಮ್ಮ ಹೆಸರನ್ನಾಗಲಿ ಅಂಕಿತ ಮಾಡಿಕೊಳ್ಳದೆ, ತಮಗಿಂತ ನಾಲ್ಕೈದು ಶತಮಾನಗಳ ಹಿಂದೆ ಕಲ್ಯಾಣದಲ್ಲಿ ಆಗಿಹೋದ ಮಹಾನುಭಾವರ ಹೆಸರನ್ನು ತಮ್ಮ ಪ್ರತಿಯೊಂದು ನುಡಿಯ ಕೊನೆಗೆ ಅವರು ಇಟ್ಟುಕೊಂಡರು. ಬಸವಣ್ಣನವರ ನಾಮಸ್ಮರಣೆಯನ್ನು ಲಿಂಗಾಯತರು ಮಾಡುವದರಲ್ಲಿ ವಿಶೇಷವಿಲ್ಲ. ಬೇರೊಂದು ಕುಲದಲ್ಲಿ ಹುಟ್ಟಿ, ಆ ಕುಲದ ಗೌರವವನ್ನು ಉಳಿಸಿಕೊಂಡೇ, ಬಸವನಾಮವನ್ನು ಉಸಿರಾಗಿಸಿಕೊಂಡುದು ವಿಶೇಷ. ಜಾತಿಯ ಸೊಕ್ಕು, ಮನಸ್ಸು ತೊಳೆಯದೆ ಮಾಡುವ ಸ್ನಾನ, ಅರಿವಿಲ್ಲದ ಪೂಜೆ, ಹೊಟ್ಟೆಗಾಗಿ ತೊಟ್ಟ ವೇಷ, ಇವುಗಳನ್ನು ಕುರಿತು ಅವರ ಮಾತು ಸುತ್ತಿಗೆಯ ಪೆಟ್ಟಿನಂತೆ ನೇರ. ಗುರುಕಾರುಣ್ಯವನ್ನು ಕುರಿತು ಆಡುವಾಗ ಮಾತ್ರ ಆ ಮಾತು ಕಾಸಿದ ಕಬ್ಬಿಣದಂತೆ ಮೆತ್ತಗಾಗುವದು. ಭಾಷೆಯು ಹಳ್ಳಿಯ ಒಕ್ಕಲಿಗನಿಗೂ ಅರ್ಥವಾಗುವಂತಹುದು. ಶಾಸ್ತ್ರದ ಆಡಂಬರ ಅದರಲ್ಲಿಲ್ಲ.

ಅವರು ನಡೆದಾಡಿದ ಸ್ಥಳಗಳು ಹಲವು. ಇಂದಿನ ಗದಗ ಜಿಲ್ಲೆಯ ಶಿರಹಟ್ಟಿಯ ಹತ್ತಿರದ ವರವಿಯಲ್ಲಿ ಅವರು ತಪಸ್ಸನ್ನಾಚರಿಸಿದರೆಂದು ಅಲ್ಲಿಯ ಭಕ್ತರು ನಂಬಿರುವರು. ವರವಿಯ ಮೌನೇಶ್ವರ ಕ್ಷೇತ್ರವು ಇಂದಿಗೂ ಪ್ರಖ್ಯಾತವಾಗಿರುವದು. ಅವರ ಪವಾಡಗಳ ಕಥೆಗಳು ಭಕ್ತರ ನಾಲಗೆಯ ಮೇಲೆ ನಲಿಯುತ್ತಿರುವವು. ಅವುಗಳನ್ನು ಇಲ್ಲಿ ವಿಸ್ತರಿಸುವ ಅವಶ್ಯವಿಲ್ಲ; ಪವಾಡವನ್ನು ಕೇಳಿ ಕೈಮುಗಿಯುವವರು ಬಹಳ, ನಡೆಯನ್ನು ಕಂಡು ನಡೆಯುವವರು ಕಡಿಮೆ. ಕಡೆಗೆ ತಿಂಥಣಿಯಲ್ಲಿ ಅವರು ಗುಹೆಯನ್ನು ಪ್ರವೇಶಿಸಿ ಸಜೀವವಾಗಿಯೇ ಐಕ್ಯರಾದರೆಂಬುದು ಪರಂಪರೆಯ ನಂಬುಗೆ.

ಈ ಮಹಾತ್ಮರ ಕಾಲವು ಎಂತಹುದಿದ್ದಿತೆಂಬುದನ್ನು ಸ್ವಲ್ಪ ನೋಡತಕ್ಕದ್ದು. ಕಲಬುರ್ಗಿಗೆ 1400ರ ಸುಮಾರಿಗೆ ಬಂದು 1422ರಲ್ಲಿ ದೇಹವಿಟ್ಟ ಖ್ವಾಜಾ ಬಂದೇನವಾಜರ ಕೀರ್ತಿಯು ಆ ವೇಳೆಗಾಗಲೇ ಭೀಮೆಯ ಎರಡೂ ದಡಗಳಲ್ಲಿ ಹಬ್ಬಿದ್ದಿತು. ವಿಜಾಪುರದಲ್ಲಿ ಷಾ ಮೀರಾಂಜಿ, ಅವರ ಮಗ ಬುರಹಾನುದ್ದೀನ ಜಾನಮ, ಜಾನಮರ ಮಗ ಅಮೀನುದ್ದೀನ ಆಲಾ ಎಂಬ ಸೂಫೀ ಗುರುಗಳ ಪರಂಪರೆಯು ಬೆಳೆದಿದ್ದಿತು. ಇವರಲ್ಲಿ ಕೊನೆಯವರಾದ ಅಮೀನುದ್ದೀನರು 1675ರಲ್ಲಿ ತೀರಿಕೊಂಡರು. ಈ ಪರಂಪರೆಯವರು ಪಂಡಿತರ ಪಾರ್ಸಿಯನ್ನು ಬದಿಗಿಟ್ಟು ಪೇಟೆಯ ಜನರಾಡುವ ದಖನಿಯಲ್ಲಿ ಪದಗಳನ್ನು ಕಟ್ಟಿದರು. ಹೆಣ್ಣುಮಕ್ಕಳು ನಸುಕಿನಲ್ಲಿ ಬೀಸುವ ಕಲ್ಲಿನ ಮುಂದೆ ಕುಳಿತು ಹಾಡುವದಕ್ಕೆಂದೇ ಚಕ್ಕಿನಾಮಾ ಎಂಬ ಹಾಡುಗಳು ಹುಟ್ಟಿದವು. ಬೀಸುವ ಕಲ್ಲಿನ ಗೂಟವೇ ಅಲ್ಲಾಹನ ಹೆಸರಿನ ಮೊದಲ ಅಕ್ಷರವೆಂದು ಅವು ತಿಳಿಸಿದವು. ಪಕ್ಕದ ಮನೆಯಲ್ಲಿ ಅದೇ ನಸುಕಿನಲ್ಲಿ ಅದೇ ಬಗೆಯ ಕಲ್ಲನ್ನು ತಿರುಗಿಸುತ್ತ ಬಸವಣ್ಣನವರನ್ನು ಹಾಡುತ್ತಿದ್ದ ಹೆಂಗಸಿನ ದನಿಯು ಇವರಿಗೂ, ಇವರ ದನಿಯು ಅವರಿಗೂ ಕೇಳಿಸದೆ ಇದ್ದೀತೆ? ಶಾಸ್ತ್ರಿಗಳೂ ಮೌಲ್ವಿಗಳೂ ಚರ್ಚಿಸುವ ಮೊದಲೇ ಗೋಡೆಯ ಮೇಲಿಂದ ಹಾಡುಗಳು ದಾಟಿಹೋಗಿದ್ದವು.

ಅರಸರ ಮನೆಯಲ್ಲಿಯೂ ಆ ಗಾಳಿಯು ಬೀಸಿದ್ದಿತು. 1580ರಿಂದ 1627ರ ವರೆಗೆ ಆಳಿದ ಎರಡನೆಯ ಇಬ್ರಾಹಿಮನು ತನ್ನ ಕಿತಾಬೆ ನವರಸವೆಂಬ ಗ್ರಂಥದಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ಬಂದೇನವಾಜರನ್ನೂ ಒಟ್ಟಿಗೆ ಸ್ಮರಿಸಿದನು. ಪ್ರಜೆಗಳು ಅವನನ್ನು ಜಗದ್ಗುರುವೆಂದು ಕರೆದರು. ಆದರೆ ಅರಸನ ಸಮನ್ವಯಕ್ಕೂ ಶರಣನ ಸಮನ್ವಯಕ್ಕೂ ಅಂತರವಿರುವದು. ಅರಸನಿಗೆ ಪ್ರಜೆಗಳೆಲ್ಲರೂ ಬೇಕು. ಕುಲುಮೆಯ ಮನೆಯಿಂದ ಬಂದ ಬಡ ಶರಣನಿಗೆ ಯಾರ ಒಲವಿನಿಂದಲೂ ಆಗಬೇಕಾದ ಲಾಭವಿಲ್ಲ.

ಮೌನೇಶ್ವರರಿಗೆ ಈ ನಾಡಿನಲ್ಲಿ ಪೂರ್ವಮಾರ್ಗದರ್ಶಕರೊಬ್ಬರಿದ್ದರೆಂದರೆ ಅವರು ಕೊಡೇಕಲ್ಲ ಬಸವಣ್ಣನವರು. ವಿಜಯನಗರದ ಅಳಿವನ್ನು ಮುಂದಾಗಿಯೇ ಸಾರಿದರೆಂದು ಅವರ ಖ್ಯಾತಿ. ಹಿಂದೂ ಮುಸಲ್ಮಾನರಿಬ್ಬರ ಗುರುತುಗಳನ್ನೂ ಕೂಡಿಸಿದ ವೇಷವನ್ನು ಅವರು ಧರಿಸಿದರೆಂದು ಸಂಪ್ರದಾಯವು ಹೇಳುವದು. ಆ ಮಠದ ತಾಡವೋಲೆಗಳು ಅಮರಗನ್ನಡವೆಂಬ ಗೂಢಲಿಪಿಯಲ್ಲಿರುವವು. 1565ರಲ್ಲಿ ಕೃಷ್ಣೆಯ ದಂಡೆಯ ರಕ್ಕಸಗಿ ತಂಗಡಗಿಯ ಯುದ್ಧವಾಗಿ ವಿಜಯನಗರವು ಹಾಳಾದಾಗ, ಎರಡು ಧರ್ಮಗಳ ಹೆಸರಿನಲ್ಲಿ ಸೈನ್ಯಗಳು ತುಳಿದಾಡಿದ ನೆಲವು ಕೊಡೇಕಲ್ಲಿಗೆ ದೂರದ್ದಾಗಿರಲಿಲ್ಲ. ಆ ಧೂಳು ಇಳಿಯುತ್ತಿರುವಾಗಲೇ ಎರಡೂ ವೇಷಗಳನ್ನು ಒಂದೇ ಮೈಮೇಲೆ ಧರಿಸುವದೆಂದರೆ ಆಟವಲ್ಲ. ಕೊಡೇಕಲ್ಲಿನ ಈ ದಾರಿಯ ಪ್ರಭಾವವನ್ನು ತಿಂಥಣಿಯಲ್ಲಿ ಕಾಣುವ ಸಂಶೋಧಕರುಂಟು. ಭೇದವೊಂದು ಮಾತ್ರ ಸ್ಪಷ್ಟವಾಗಿರುವದು: ಕೊಡೇಕಲ್ಲಿನವರು ವೇಷವನ್ನು ಕೂಡಿಸಿದರು, ತಿಂಥಣಿಯವರಿಗೆ ಹೆಸರುಗಳು ಕೂಡಿಬಂದವು.

ತಿಂಥಣಿಯ ಭಕ್ತರ ಜಯಘೋಷವನ್ನು ಒಮ್ಮೆ ಕೇಳಿದವರು ಮರೆಯುವಂತಿಲ್ಲ. ಅದರ ಪೂರ್ವಾರ್ಧದಲ್ಲಿ ಲಕ್ಷದ ಎಂಬತ್ತು ಸಾವಿರದ ಎಣಿಕೆಯೊಡನೆ ಪಂಚಪೀರರೂ ಪೈಗಂಬರರೂ ಬರುವರು. ಉತ್ತರಾರ್ಧದಲ್ಲಿ ಕಾಶೀಪತಿಯಾದ ಗಂಗಾಧರನು ಬರುವನು. ಪೀರರ ಹೆಸರನ್ನು ಹೇಳಿದ ಉಸಿರು ಮುಗಿಯುವ ಮೊದಲೇ ಮಹಾದೇವನ ಹೆಸರೂ ಮುಗಿದಿರುವದು. ಲಕ್ಷದ ಎಂಬತ್ತು ಸಾವಿರವೆಂಬ ಸಂಖ್ಯೆಯು ವಿಚಾರ ಮಾಡತಕ್ಕದ್ದು. ಪ್ರವಾದಿಗಳು ಒಂದು ಲಕ್ಷದ ಇಪ್ಪತ್ನಾಲ್ಕು ಸಾವಿರವೆಂದು ಮುಸಲ್ಮಾನರಲ್ಲಿ ಪ್ರತೀತಿಯುಂಟು. ಕಲ್ಯಾಣದ ಚರಜಂಗಮರು ಒಂದು ಲಕ್ಷದ ತೊಂಬತ್ತಾರು ಸಾವಿರವೆಂದು ನಮ್ಮ ಪುರಾಣಗಳ ಪ್ರತೀತಿ. ತಿಂಥಣಿಯ ಎಣಿಕೆಯು ಎರಡೂ ಅಲ್ಲ, ಎರಡರ ನಡುವೆ ನಿಂತಿರುವದು. ಯಾವ ಲೆಕ್ಕಿಗನು ಇದನ್ನು ಮಾಡಿದನೋ ತಿಳಿಯದು. ಆದರೆ ಎರಡೂ ಮನೆಗಳ ಲೆಕ್ಕವನ್ನು ಅವನು ಬಲ್ಲವನಾಗಿದ್ದನೆಂದು ಊಹಿಸಿದರೆ ತಪ್ಪಾಗಲಾರದು. ಐದೆಂಬ ಸಂಖ್ಯೆಯೂ ಹಾಗೆಯೇ. ಪಾಂಚಾಳರಿಗೆ ಐದು ಕಸಬು, ಶಿವಭಕ್ತರಿಗೆ ಐದಕ್ಷರದ ಮಂತ್ರ, ಅಲಾಯಿ ಕುಣಿಯುವ ಹಳ್ಳಿಗರಿಗೆ ಐದು ಪೀರರು.

ಮೌನೇಶ್ವರರ ಈ ಎರಡು ಹೆಸರನ್ನು ಕುರಿತು ಕಟ್ಟಾ ಆಚಾರವಂತರಿಗೆ ಸಂಶಯ ಬರುವದು ಸ್ವಾಭಾವಿಕ. ಆ ಸಂಶಯವನ್ನು ಹಗುರಾಗಿ ತಳ್ಳಿಹಾಕತಕ್ಕದ್ದಲ್ಲ. ಬಸವಣ್ಣನವರು ಬೋಧಿಸಿದುದು ಏಕದೇವನಿಷ್ಠೆ. ಕೈಯಲ್ಲಿ ಇಷ್ಟಲಿಂಗವಿರುವಾಗ ಕಂಡ ಕಂಡ ಕಲ್ಲಿಗೆ ಮಣಿಯುವವನನ್ನು ಶರಣರು ವ್ಯಭಿಚಾರಿಣಿಗೆ ಹೋಲಿಸಿದರು. ಹಾಗಿರುವಾಗ ಬಸವಣ್ಣನವರ ಅಂಕಿತವನ್ನಿಟ್ಟುಕೊಂಡವರ ಗದ್ದುಗೆಯೆದುರಿಗೆ ಪೀರರ ಜಯಘೋಷವು ಹೇಗೆ ಸಲ್ಲುವದು? ಇದು ಒಂದು ಕಡೆಯ ಆಕ್ಷೇಪಣೆ. ಇನ್ನೊಂದು ಕಡೆಯಿಂದಲೂ ಅಷ್ಟೇ ಬಲವಾದ ಆಕ್ಷೇಪಣೆಯುಂಟು. ಅಲ್ಲಾಹನಿಗೆ ಸಮಾನರಿಲ್ಲವೆಂಬುದು ಇಸ್ಲಾಮಿನ ಮೂಲಮಂತ್ರ. ಸಮಾಧಿಯ ಮುಂದೆ ತಲೆಬಾಗುವದೂ ಅವನ ಹೆಸರಿನ ಜೊತೆಗೆ ಗಂಗಾಧರನನ್ನು ಸೇರಿಸುವದೂ ಅಲ್ಲಿಯ ಕಟ್ಟಾ ಆಚಾರವಂತರಿಗೆ ಸಹನವಾಗದು. ಈ ಎರಡು ಆಕ್ಷೇಪಣೆಗಳನ್ನು ಅಕ್ಕಪಕ್ಕಕ್ಕೆ ಇಟ್ಟು ನೋಡಿದವರಿಗೆ ಒಂದು ವಿಚಿತ್ರವು ಕಾಣದೆ ಇರದು. ಎರಡೂ ಒಂದೇ ಬೇರಿನಿಂದ ಹುಟ್ಟಿದುವು. ದೇವನೊಬ್ಬನೇ ಎಂಬ ನಿಷ್ಠೆಯೇ ಇಬ್ಬರನ್ನೂ ಕಾಡುತ್ತಿರುವದು. ಒಂದೇ ಬಾಗಿಲನ್ನು ಕಾಯುತ್ತ ಬೆನ್ನಿಗೆ ಬೆನ್ನು ಹಚ್ಚಿ ನಿಂತ ಇಬ್ಬರು ಕಾವಲುಗಾರರಂತೆ ಇವರಿರುವರು.

ಮೌನೇಶ್ವರರು ಇಬ್ಬರು ದೇವರನ್ನು ಪೂಜಿಸಲಿಲ್ಲ. ಅವರ ನುಡಿಯ ಕೊನೆಗೆ ಬಂದುದು ಒಂದೇ ಹೆಸರು. ಎರಡು ಹೆಸರಿನಿಂದ ಕರೆದವರು ಜನರು. ಕರೆದಾಗ ಓಗೊಟ್ಟವರು ಅವರು. ಏಕನಿಷ್ಠೆಯು ತನ್ನ ಹೃದಯವನ್ನು ಎರಡು ಪಾಲು ಮಾಡಬಾರದೆಂದು ವಿಧಿಸುವದೇ ಹೊರತು, ಅದೇ ಒಬ್ಬನನ್ನು ನೆರೆಯವನು ತನ್ನ ತಾಯಿನುಡಿಯಲ್ಲಿ ಕರೆದರೆ ಕಿವಿ ಮುಚ್ಚಿಕೊಳ್ಳಬೇಕೆಂದು ವಿಧಿಸಲಾರದು. ಸರ್ವವೂ ಒಂದೇ ಎಂದು ಹೇಳುತ್ತ ಲಿಂಗಪೂಜೆಯನ್ನೂ ಬಿಟ್ಟು, ನಮಾಜನ್ನೂ ಮಾಡದೆ, ಯಾವ ನೇಮವೂ ಇಲ್ಲದೆ ತಿರುಗುವವರಿಗೆ ತಿಂಥಣಿಯ ಮಹಾತ್ಮರು ಆಧಾರವಾಗಲಾರರು. ಈ ಎಚ್ಚರಿಕೆಯು ಈಗಿನ ಶಿಷ್ಯರಿಗೆ ಮುಖ್ಯವಾಗಿ ಬೇಕಾದುದು. ಭಾವೈಕ್ಯವೆಂಬ ಮಾತು ಸಭೆಗಳಲ್ಲಿ ಅಗ್ಗವಾಗಿರುವ ಕಾಲವಿದು. ಮನೆಯಲ್ಲಿ ಜಗುಲಿಯ ಮೇಲಿನ ದೀಪವು ಆರಿರುವದನ್ನು ಆ ಮಾತು ಮರೆಮಾಡಬಾರದು.

ಆದರೆ ತಲುಪುವ ಸ್ಥಾನವು ಒಂದೇ ಹೌದೋ ಅಲ್ಲವೋ? ಷಟ್‌ಸ್ಥಲದ ಕ್ರಮದಲ್ಲಿ ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ ಎಂಬ ಮೆಟ್ಟಲುಗಳನ್ನೇರಿದವನು ಐಕ್ಯನಾಗುವನು. ಅಲ್ಲಿ ಪೂಜಿಸುವವನು, ಪೂಜೆಗೊಳ್ಳುವವನು ಎಂಬ ಎರಡಿಲ್ಲ. ಸೂಫಿಗಳು ಶರೀಯತ್ತು, ತರೀಕತ್ತು, ಹಕೀಕತ್ತು, ಮಾರಿಫತ್ತು ಎಂಬ ಹಂತಗಳನ್ನು ಹೇಳುವರು. ಸಾಧಕನ ನಾನೆಂಬುದು ಫನಾದಲ್ಲಿ ಅಳಿದು, ಬಕಾದಲ್ಲಿ ದೇವನ ಆಧಾರದಿಂದ ಅವನು ಉಳಿಯುವನು. ಹೊರನೋಟಕ್ಕೆ ಎಷ್ಟೋ ಸಮೀಪ. ಸೂಕ್ಷ್ಮದಲ್ಲಿ ಭೇದವುಂಟು. ಉಳಿದವನು ದಾಸನಾಗಿಯೇ ಉಳಿಯುವನೆಂದು ಅವರಲ್ಲಿ ಬಹುಜನರ ಮತ, ಸೃಷ್ಟಿಯು ಸೃಷ್ಟಿಕರ್ತನಾಗದು. ಲಿಂಗಾಂಗಸಾಮರಸ್ಯವನ್ನು ಹೇಳುವ ನಮ್ಮ ಆಚಾರ್ಯರು ಅಲ್ಲಿ ನಿಲ್ಲುವದಿಲ್ಲ. ಸೂಫಿಗಳಲ್ಲಿಯೂ ಒಂದೇ ಮತವೆಂದು ತಿಳಿಯತಕ್ಕದ್ದಲ್ಲ. ಇರುವದೆಲ್ಲವೂ ಒಂದೇ ಸತ್ತೆಯೆಂದು ಹೇಳಿದ ಇಬ್ನ ಅರಬಿಯ ಸಿದ್ಧಾಂತವನ್ನು ಕಲಬುರ್ಗಿಯ ಬಂದೇನವಾಜರು ಒಪ್ಪಲಿಲ್ಲ. ಹೀಗೆ ಒಂದೇ ಮನೆಯಲ್ಲಿಯೇ ತಲುಪಿದ ಊರಿನ ವರ್ಣನೆಯು ಎರಡಾಗಿರುವಾಗ, ಎಲ್ಲ ಮನೆಗಳ ವರ್ಣನೆಯೂ ಒಂದೇ ಎಂದು ಸಾಧಿಸಹೊರಡುವದು ಪಾಂಡಿತ್ಯದ ಸೋಗು.

ಇದರ ಮಗ್ಗುಲಿಗೇ ಇನ್ನೊಂದು ಸಂಗತಿಯನ್ನೂ ಇಡಬೇಕು. ಇಸ್ಲಾಮಿನ ಪಂಡಿತರು ಗ್ರೀಕರಿಂದ ಕಲಿತುಕೊಂಡ ಭೂತಗಳು ನಾಲ್ಕೇ: ಮಣ್ಣು, ನೀರು, ಬೆಂಕಿ, ಗಾಳಿ. ವಿಜಾಪುರದ ಜಾನಮರೂ ಅಮೀನುದ್ದೀನರೂ ಐದನೆಯದೊಂದನ್ನು ಸೇರಿಸಿ ಅದನ್ನು ಖಾಲಿ, ಅಂದರೆ ಬರಿದು ಎಂದು ಕರೆದರು. ಈ ಐದಕ್ಕೆ ಇಪ್ಪತ್ತೈದು ಗುಣಗಳನ್ನು ಹೇಳಿ, ದೇಹವನ್ನು ಅರಿತು ದೇವರನ್ನು ಅರಿಯುವ ಸಾಧನೆಯನ್ನು ಮುರೀದರಿಗೆ ಬೋಧಿಸಿದರು. ಪಂಚಭೂತಗಳನ್ನೂ ಪಂಚವಿಂಶತಿ ತತ್ತ್ವಗಳನ್ನೂ ಬಲ್ಲ ನಮ್ಮ ವಾಚಕರಿಗೆ ಇದರ ಮೂಲವನ್ನು ವಿವರಿಸಬೇಕಾಗಿಲ್ಲ. ಆ ಐದನೆಯ ಬರಿದು ಎಲ್ಲಿಯದು? ಅಲ್ಲಮಪ್ರಭುದೇವರ ಬಯಲನ್ನು ಹಾಡಿಕೊಳ್ಳುವ ನೆಲದಲ್ಲಿ ಕುಳಿತ ಫಕೀರರಿಗೆ ನಾಲ್ಕು ಭೂತಗಳು ಸಾಲದಾದವು. ವಾದದಲ್ಲಿ ಸೋತು ಅವರು ಅದನ್ನು ತೆಗೆದುಕೊಳ್ಳಲಿಲ್ಲ. ಧ್ಯಾನಕ್ಕೆ ಕುಳಿತಾಗ ಬೇಕಾದುದರಿಂದ ತೆಗೆದುಕೊಂಡರೆಂದು ಭಾವಿಸುವದು ಯುಕ್ತ.

ಮೌನೇಶ್ವರರು ಈ ವಿಷಯದಲ್ಲಿ ಸಿದ್ಧಾಂತದ ಗ್ರಂಥವನ್ನು ಬರೆದು ತೀರ್ಪು ಕೊಟ್ಟವರಲ್ಲ. ಅವರ ಹೆಸರೇ ಮೌನ. ಕಮ್ಮಾರನಿಗೂ ಅಕ್ಕಸಾಲಿಗನಿಗೂ ಬೆಂಕಿಯು ಒಂದೇ, ಊದುವ ತಿದಿಯೂ ಒಂದೇ ಬಗೆಯದು; ಒಬ್ಬನ ಕೈಯಲ್ಲಿ ನೇಗಿಲ ಕುಳವೂ ಇನ್ನೊಬ್ಬನ ಕೈಯಲ್ಲಿ ಕಿವಿಯೋಲೆಯೂ ಆಗುವವು. ಬೆಂಕಿಯಿಂದ ಆಚೆ ಬಂದ ವಸ್ತುಗಳನ್ನು ಹೋಲಿಸುವವನಿಗೆ ಅವು ಬೇರೆ. ಕುಲುಮೆಯಲ್ಲಿರುವಾಗ ಎರಡರ ಬಣ್ಣವೂ ಕೆಂಪು. ಪಾಂಚಾಳರ ಮನೆಯ ಮಗನಿಗೆ ಇದು ಕೈಯರಿವು. ಸಾಧಕನ ನಾನೆಂಬುದು ಕರಗುವ ಸ್ಥಾನದಲ್ಲಿ ಯಾರು ಯಾವ ಕುಲದವರೆಂದು ಕೇಳುವವರೇ ಉಳಿದಿರುವದಿಲ್ಲವಾದುದರಿಂದ, ಅಲ್ಲಿಯ ಸಂಗತಿಯನ್ನು ಇಲ್ಲಿ ನಿಂತು ಹೋಲಿಸುವ ಅಧಿಕಾರವು ಯಾರಿಗೂ ಇಲ್ಲ. ಬಹಿರಂಗದಲ್ಲಿ ಮಾತ್ರ ಭೇದವು ಭೇದವೇ. ಎರಡೂ ಸಮುದಾಯದ ಭಕ್ತರು ಅವರ ಬಳಿಗೆ ಬಂದರು. ಯಾರೂ ತಮ್ಮ ಮನೆಯ ಆಚಾರವನ್ನು ಬಿಟ್ಟು ಬರಬೇಕಾಗಲಿಲ್ಲ. ಲಿಂಗವಂತನು ಲಿಂಗವಂತನಾಗಿಯೇ, ಮುಸಲ್ಮಾನನು ಮುಸಲ್ಮಾನನಾಗಿಯೇ ಹಿಂದಿರುಗಿದನು. ಇದೇ ಅವರ ಸಮನ್ವಯದ ರೀತಿ. ಇದು ಕೂಡಿಸಿ ಕಲಸುವ ರೀತಿಯಲ್ಲ.

ಅವರ ತರುವಾಯದ ಕಾಲವು ಶಾಂತವಾಗಿರಲಿಲ್ಲ. 1686ರಲ್ಲಿ ವಿಜಾಪುರವು ಮೊಗಲರ ವಶವಾಯಿತು. ಬೇಡರ ನಾಯಕರು ತಲೆಬಾಗಲಿಲ್ಲ. 1705ರಲ್ಲಿ ವೃದ್ಧನಾದ ಔರಂಗಜೇಬ ಬಾದಶಹನು ತಾನೇ ದಂಡೆತ್ತಿ ಬಂದು ಸುರಪುರದ ಸಮೀಪದ ವಾಗಣಗೇರಿಯ ಕೋಟೆಯನ್ನು ಮುತ್ತಿ ತೆಗೆದುಕೊಂಡನು. ಅವನು ಸ್ವತಃ ನಡೆಸಿದ ಕೊನೆಯ ಮುತ್ತಿಗೆಯು ಅದೇ. ಕೋಟೆ ಕೈಸೇರಿದ ಮೇಲೆ ಹತ್ತಿರದ ದೇವಾಪುರದ ಪಾಳೆಯದಲ್ಲಿ ಅವನು ಕಾಯಿಲೆ ಬಿದ್ದನು. ಎರಡು ವರ್ಷಗಳೊಳಗೆ ತೀರಿಕೊಂಡನು. ದಕ್ಷಿಣದ ಯುದ್ಧದಲ್ಲಿ ಇಪ್ಪತ್ತೈದು ವರ್ಷ ಸವೆಯಿಸಿದ ಆ ಬಾದಶಹನ ಸೈನ್ಯವು ಸಗರನಾಡಿನ ಬೆಳೆಯನ್ನು ತುಳಿಯಿತು, ಕೋಟೆಯನ್ನು ಕೆಡವಿತು. ತಿಂಥಣಿಯ ಜಯಘೋಷದೊಳಗಿನ ಎರಡು ಅರ್ಧಗಳನ್ನು ಮಾತ್ರ ಅದು ಬೇರೆ ಮಾಡಲಾರದೆ ಹೋಯಿತು.

ಮುಂದೆ ಈ ದಾರಿಯು ತತ್ತ್ವಪದಕಾರರ ಕೈಗೆ ಬಂದಿತು. ಸಗರನಾಡಿಗೆ ಹತ್ತಿಕೊಂಡೇ ಇರುವ ಕಡಕೋಳದ ಮಡಿವಾಳಪ್ಪನವರು ಮಠಗಳ ಆಡಂಬರವನ್ನೂ ಬಿಡದೆ ಖಂಡಿಸಿದ ಅವಧೂತರು. ಅವರ ಶಿಷ್ಯಬಳಗದಲ್ಲಿ ಖೈನೂರ ಕೃಷ್ಣಪ್ಪನವರೂ ಚನ್ನೂರ ಜಲಾಲಸಾಹೇಬರೂ ಒಂದೇ ಪಂಕ್ತಿಯಲ್ಲಿ ಕುಳಿತರು. ಜಲಾಲಸಾಹೇಬರ ಕನ್ನಡ ಪದಗಳನ್ನು ಲಿಂಗವಂತರ ಮನೆಯ ಶಿವಭಜನೆಯಲ್ಲಿ ಏಕತಾರಿಯ ಮೇ��ೆ ಹಾಡುವದು ಈ ಸೀಮೆಯಲ್ಲಿ ಹೊಸದಲ್ಲ. ಶಿರಹಟ್ಟಿಯ ಫಕೀರೇಶ್ವರ ಮಠದ ಮೂಲಗುರುಗಳು ವಿಜಾಪುರದ ಅಮೀನುದ್ದೀನರ ವರದಿಂದ ಜನಿಸಿದರೆಂಬ ಐತಿಹ್ಯವನ್ನು ಅಲ್ಲಿಯ ಭಕ್ತರೆಲ್ಲರೂ ಬಲ್ಲರು. ಮೌನೇಶ್ವರರು ತಪಸ್ಸು ಮಾಡಿದ ವರವಿಯೂ ಅದೇ ಶಿರಹಟ್ಟಿಯ ಸೀಮೆಯೆಂಬುದು ಗಮನಿಸತಕ್ಕದ್ದು. ಮೊಹರಮಿನಲ್ಲಿ ಒಬ್ಬ ಮುಸಲ್ಮಾನನೂ ಇಲ್ಲದ ಹಳ್ಳಿಗಳಲ್ಲಿ ಕೂಡ ಅಲಾಯಿ ಕುಣಿ ತೋಡಿ, ಪಂಜಾಗಳನ್ನು ಕೂರಿಸಿ, ರಿವಾಯತ ಪದಗಳನ್ನು ಹಾಡುವ ರೂಢಿಯು ಈ ನಾಡಿನದು.

ಇಷ್ಟಾದರೂ ಇಂತಹ ಎರಡು ಹೆಸರಿನ ಕ್ಷೇತ್ರಗಳಿಗೆ ಈಗಿನ ಕಾಲದಲ್ಲಿ ಭಯವಿಲ್ಲವೆಂದು ಹೇಳುವಂತಿಲ್ಲ. ಚಿಕ್ಕಮಗಳೂರಿನ ಬಾಬಾಬುಡನಗಿರಿಯು ದತ್ತಾತ್ರೇಯರದೋ ದಾದಾ ಹಯಾತರದೋ ಎಂಬ ವ್ಯಾಜ್ಯವು ಎಷ್ಟು ವರ್ಷಗಳಿಂದ ನ್ಯಾಯಾಸ್ಥಾನಗಳನ್ನು ಸುತ್ತಿರುವದೆಂಬುದನ್ನು ಕರ್ನಾಟಕದವರೆಲ್ಲರೂ ಬಲ್ಲರು. ಒಬ್ಬ ಮಹಾತ್ಮನು ಯಾರವನೆಂದು ಕಾಗದಪತ್ರಗಳಿಂದ ನಿರ್ಣಯಿಸಹೊರಟರೆ ಗೆದ್ದವನ ಕೈಗೆ ಕಟ್ಟಡವು ಸಿಕ್ಕೀತು. ಮೌನೇಶ್ವರರು ವಿಶ್ವಕರ್ಮರೋ, ಶರಣರೋ, ಪೀರರೋ ಎಂದು ಕೇಳುವವರಿಗೆ ಅವರ ಅಂಕಿತ ಒಂದು ಉತ್ತರವನ್ನೂ ಅವರ ಜಯಘೋಷ ಇನ್ನೊಂದು ಉತ್ತರವನ್ನೂ ಅವರು ಹುಟ್ಟಿದ ಮನೆ ಮೂರನೆಯ ಉತ್ತರವನ್ನೂ ಕೊಡುವವು. ಮೂರರಲ್ಲಿ ಯಾವುದೂ ಸುಳ್ಳಲ್ಲ.

ಮಾಘಮಾಸದಲ್ಲಿ ತಿಂಥಣಿಯ ಜಾತ್ರೆಯು ನೆರೆಯುವದು. ಸುರಪುರ, ಶಹಾಪುರ, ಯಾದಗಿರಿಗಳಿಂದಲೂ, ಸೇತುವೆಯ ಆಚೆಯ ಲಿಂಗಸುಗೂರು, ದೇವದುರ್ಗಗಳಿಂದಲೂ ಜನರು ಬರುವರು. ಹೊಳೆಯಲ್ಲಿ ಮಿಂದು ಒದ್ದೆ ಬಟ್ಟೆಯಲ್ಲಿಯೇ ಕಮಾನಿನ ಬಾಗಿಲನ್ನು ದಾಟಿ ಒಳಗೆ ಹೋಗುವರು. ವಿಭೂತಿ ಧರಿಸಿದವನು ಕೈಮುಗಿಯುವನು, ಟೊಪ್ಪಿಗೆಯವನು ಎರಡೂ ಅಂಗೈಗಳನ್ನು ಮೇಲಕ್ಕೆ ತೆರೆದು ದುವಾ ಬೇಡುವನು. ಕಾಯಿ ಒಡೆಸಿದವನೂ ಸಕ್ಕರೆ ಓದಿಸಿದವನೂ ಹೊರಗಿನ ಕಟ್ಟೆಯ ಮೇಲೆ ಒಟ್ಟಿಗೆ ಕುಳಿತು, ತಂದ ಬುತ್ತಿಯನ್ನು ಬಿಚ್ಚುವರು. ಪಲ್ಲಕ್ಕಿಯು ಎದ್ದಾಗ ಯಾರೋ ಒಬ್ಬರು ಪೀರರ ಹೆಸರಿನಿಂದ ಘೋಷವನ್ನು ಎತ್ತುವರು. ಉಳಿದವರು ಅದನ್ನು ಮಹಾದೇವನ ಹೆಸರಿಗೆ ಮುಟ್ಟಿಸುವರು.